ಹಟಮಾರಿ ತಿರುಪುಗಳೂ ಬೆಂಗಳೂರಿನ ಭಾನುವಾರದ ಸಂತೆಯೂ

ಗೃಹಸ್ಥನಾದವನಿಗೆ ಒಂದಲ್ಲ ಒಂದು ದಿನ ಅಲುಗಾಡದ ತಿರುಪುಮೊಳೆಯೊಡನೆ ಹೋರಾಡುವ ಪ್ರಸಂಗವು ಒದಗಿಯೇ ಒದಗುವುದು. ಬಾಗಿಲಿನ ಬಿಜಾಗರಿಯಾಗಲಿ, ಹೊಲಿಗೆಯ ಯಂತ್ರವಾಗಲಿ, ಅಜ್ಜನ ಕಾಲದ ಗಡಿಯಾರವಾಗಲಿ, ಬಿಚ್ಚಬೇಕೆಂದು ಕುಳಿತಾಗ ಐದು ತಿರುಪುಗಳು ಸುಲಭವಾಗಿ ಬಂದು ಆರನೆಯದು ಮಾತ್ರ ಜಗ್ಗದೆ ನಿಲ್ಲುವುದು. ಬಲವನ್ನು ಹೆಚ್ಚಿಸಿದಷ್ಟೂ ಅದರ ತಲೆಯ ಸೀಳು ಸವೆಯುತ್ತ ಬಂದು, ಕೊನೆಗೆ ತಿರುಪುಳಿಯು ಹಿಡಿತ ಸಿಕ್ಕದೆ ಜಾರುವುದು. ಆಗ ಮನುಷ್ಯನಿಗೆ ಬರುವ ಕೋಪವು ಅಷ್ಟಿಷ್ಟಲ್ಲ. ಇಂತಹ ಆರು ತಿರುಪುಗಳ ದೆಸೆಯಿಂದ ನಾನು ಈಚೆಗೆ ಬೆಂಗಳೂರಿನ ಪೇಟೆಗೆ ಹೋಗಿಬರಬೇಕಾಯಿತು. ಅಲ್ಲಿ ಕಂಡುದನ್ನೂ ಕಲಿತುದನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ನಮ್ಮ ಪಿತ್ರಾರ್ಜಿತವಾದ ಮನೆಯೊಂದಿದ್ದಿತು. ಅದರ ನಡುಮನೆಯ ಗೋಡೆಯಲ್ಲಿ ತೇಗದ ಮರದ ಬೀರುವೊಂದನ್ನು ಹುದುಗಿಸಿದ್ದರು. ಎರಡು ಬಾಗಿಲು, ಮೇಲೆ ಬಳ್ಳಿಯ ಕೆತ್ತನೆ, ಹೊರಮೈಗೆ ಕಾಣುವಂತೆ ಜಡಿದ ಹಿತ್ತಾಳೆಯ ಪಟ್ಟಿ ಬಿಜಾಗರಿಗಳು. ನಮ್ಮ ತಂದೆಯವರು ತೀರಿಕೊಂಡ ಮೇಲೆ ಅದರ ಬೀಗದ ಕೈ ಎಲ್ಲಿ ಹುಡುಕಿದರೂ ಸಿಕ್ಕಲಿಲ್ಲ. ಬೀಗದ ಕೆಲಸದವನೊಬ್ಬನನ್ನು ಕರೆಸಿ ತೋರಿಸಿದಾಗ, ಒಳಗೆ ತಂತಿಯ ಚೂರು ಮುರಿದು ಸಿಕ್ಕಿಕೊಂಡಿರುವುದರಿಂದ ತನ್ನಿಂದಾಗದೆಂದು ಅವನು ಹೊರಟುಹೋದನು. ಹೀಗೆ ಇಪ್ಪತ್ತೆರಡು ವರ್ಷಗಳು ಕಳೆದುವು. ನಮ್ಮ ತಾಯಿಯ ಅವಲಕ್ಕಿ ಸರವು ಆ ಬೀರುವಿನಲ್ಲಿದೆಯೆಂದು ಮನೆಯಲ್ಲಿ ಮಾತಿದ್ದಿತು. ಬೀಗದ ಕೈ ನನ್ನ ಬಳಿಯಲ್ಲಿದ್ದೂ ನಾನು ಬಚ್ಚಿಟ್ಟಿರುವೆನೆಂದು ನನ್ನ ತಮ್ಮನ ಮನಸ್ಸಿನಲ್ಲಿ ಒಂದು ಸಂಶಯವಿದ್ದಿತು. ಅವನು ಅದನ್ನು ಬಾಯಿಬಿಟ್ಟು ಹೇಳಿದವನಲ್ಲ, ನಾನೂ ಕೇಳಿದವನಲ್ಲ. ಆದರೆ ಹಬ್ಬಹರಿದಿನಗಳಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತರೂ ನಮ್ಮ ಮಾತು ಮಳೆಬೆಳೆಗಳನ್ನು ದಾಟಿ ಮುಂದಕ್ಕೆ ಹೋಗುತ್ತಿರಲಿಲ್ಲ.

ಈ ವರ್ಷ ಆ ಮನೆಯನ್ನು ಮಾರಬೇಕಾಗಿ ಬಂದಿತು. ಒಂದು ತಿಂಗಳೊಳಗೆ ತೆರವು ಮಾಡಿಕೊಡಬೇಕೆಂದು ಕರಾರಾಯಿತು. ತಮ್ಮನು, “ಅಣ್ಣಯ್ಯ, ಕಾದದ್ದು ಸಾಕು. ಹಾರೆ ಹಾಕಿ ಒಂದು ಸಲ ಮೀಟಿದರೆ ಮುಗಿದುಹೋಗುತ್ತದೆ” ಎಂದನು. ನನಗೆ ಆ ಬಾಗಿಲನ್ನು ಒಡೆಯಲು ಮನಸ್ಸು ಬಾರದು. ನಾನು ಪಂಚತಂತ್ರದ ಮಿತ್ರಭೇದದಲ್ಲಿ ಬರುವ ಕೀಲೋತ್ಪಾಟಿ ವಾನರನ ಕಥೆಯನ್ನು ಅವನಿಗೆ ನೆನಪುಮಾಡಿಕೊಟ್ಟೆನು. ಅರ್ಧ ಸೀಳಿದ ಮರದ ನಡುವೆ ಬಡಗಿಯು ಇಟ್ಟುಹೋದ ಬೆಣೆಯನ್ನು ಕೋತಿಯೊಂದು ಸುಮ್ಮನಿರಲಾರದೆ ಕಿತ್ತು, ಮರದ ಸೀಳಿಗೆ ಸಿಕ್ಕಿ ಪ್ರಾಣ ಬಿಟ್ಟ ಕಥೆಯದು. ತಮ್ಮನು ನಗಲಿಲ್ಲ. “ಹತ್ತು ದಿನ ಕೊಡುತ್ತೇನೆ” ಎಂದಷ್ಟೇ ಹೇಳಿದನು.

ಊರಿನ ಬಡಗಿ ಆಚಾರ್ಯರನ್ನು ಕರೆದು ತೋರಿಸಿದೆನು. ಒಂದು ಬಾಗಿಲಿಗೆ ಎರಡು ಬಿಜಾಗರಿ. ಚೌಕಟ್ಟಿನ ಕಡೆಗೆ ಒಂದೊಂದಕ್ಕೆ ಮೂರು ಮೂರು ತಿರುಪು. ಈ ಆರನ್ನು ಬಿಚ್ಚಿದರೆ ಬಾಗಿಲನ್ನು ಬಿಜಾಗರಿಯ ಕಡೆಯಿಂದ ಹೊರಕ್ಕೆಳೆಯಬಹುದು. ಬೀಗದ ಗೊಡವೆಯೇ ಬೇಕಾಗಿಲ್ಲ. ಆದರೆ ಆರರಲ್ಲಿ ಎರಡರ ತಲೆ ಮಾತ್ರ ನೆಟ್ಟಗಿದ್ದಿತು. ಮೂರರ ಸೀಳು ಅರ್ಧ ಸವೆದಿದ್ದಿತು. ಒಂದರ ತಲೆಯಂತೂ ಕಾಸಿನಂತೆ ನುಣುಪಾಗಿಹೋಗಿದ್ದಿತು. ಆಚಾರ್ಯರು ತಮ್ಮ ವಿದ್ಯುತ್ತಿನ ಯಂತ್ರವನ್ನು ಒಮ್ಮೆ ನೋಡಿ, ಮತ್ತೆ ಬೀರುವನ್ನು ನೋಡಿ, “ಮೇಷ್ಟ್ರೇ, ಇದು ಗಿರ್ರೆಂದು ತಿರುಗಿ ಇರುವ ತಲೆಯನ್ನೂ ತಿಂದುಹಾಕುತ್ತದೆ. ಇದಕ್ಕೆ ನಮ್ಮ ತಾತನ ಕಾಲದ ಕೈ ಬ್ರೇಸು ಬೇಕು. ನಮ್ಮ ಮನೆಯದನ್ನು ಗುಜರಿಗೆ ಹಾಕಿ ಎಷ್ಟೋ ಕಾಲವಾಯಿತು. ಬೆಂಗಳೂರಿನ ಭಾನುವಾರದ ಬಜಾರಿನಲ್ಲಿ ಸಿಕ್ಕಿದರೂ ಸಿಕ್ಕೀತು” ಎಂದರು. ನಾನು ತೆಳುವಾದ ಕಾಗದವನ್ನು ಒಂದೊಂದು ತಿರುಪಿನ ಮೇಲೂ ಇಟ್ಟು, ಪೆನ್ಸಿಲಿನಿಂದ ಉಜ್ಜಿ, ಆರರ ತಲೆಗಳ ಅಚ್ಚನ್ನೂ ತೆಗೆದುಕೊಂಡು, ಮುಂದಿನ ಭಾನುವಾರ ಬೆಳಗಿನ ರೈಲು ಹತ್ತಿದೆನು.

ಬೆಂಗಳೂರಿನ ರೈಲು ನಿಲ್ದಾಣದಿಂದ ಪೇಟೆಗೆ ಹೋಗಲು ಈಗ ಮೆಟ್ರೋ ಗಾಡಿಯ ಅನುಕೂಲವಿದೆ. ೨೦೧೭ನೆಯ ಇಸವಿಯಲ್ಲಿ ಈ ಸುರಂಗಮಾರ್ಗವು ತೆರೆಯಲ್ಪಟ್ಟಿತು. ಮೆಜೆಸ್ಟಿಕ್ಕಿನಲ್ಲಿ ಹತ್ತಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಅದರ ಮುಂದಿನದು ಕೃಷ್ಣರಾಜೇಂದ್ರ ಮಾರುಕಟ್ಟೆ. ನೆಲದ ಕೆಳಗಣ ಹೊಳಪುಗಲ್ಲಿನ ಮೆಟ್ಟಿಲುಗಳನ್ನು ಹತ್ತಿ ಹೊರಗೆ ಬಂದೊಡನೆ ನಾಲ್ಕು ಶತಮಾನಗಳಷ್ಟು ಹಿಂದಕ್ಕೆ ಹೋದಂತಾಗುವುದು. ಕೆಂಪೇಗೌಡರು ೧೫೩೭ರಲ್ಲಿ ಈ ಊರನ್ನು ಕಟ್ಟಿಸಿದರೆಂಬುದು ಎಲ್ಲರಿಗೂ ತಿಳಿದ ವಿಷಯ. ದೊಡ್ಡಪೇಟೆಯೂ ಚಿಕ್ಕಪೇಟೆಯೂ ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೂ ನೇಗಿಲು ಹೂಡಿಸಿ ಬೀದಿಗಳನ್ನು ಗುರುತಿಸಿದರೆಂದು ಪ್ರತೀತಿ. ಆ ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ತರಗುಪೇಟೆ, ನಗರ್ತಪೇಟೆ ಎಂಬ ಹೆಸರುಗಳನ್ನು ಓದುತ್ತ ಹೋದರೆ ಊರಿನ ಕಸುಬುಗಳ ಕೋಶವನ್ನೇ ಓದಿದಂತಾಗುವುದು. ೧೭೯೧ರ ಮಾರ್ಚಿ ತಿಂಗಳಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಟಿಪ್ಪೂ ಸುಲ್ತಾನನ ವಶದಲ್ಲಿದ್ದ ಈ ಪೇಟೆಯನ್ನು ಮೊದಲು ಹಿಡಿದು, ಎರಡು ವಾರಗಳ ಮೇಲೆ ಕೋಟೆಯನ್ನು ಹಿಡಿಯಿತು. ಈಗ ಆ ನೆಲದ ಮೇಲೆ ಹೂವಿನ ವ್ಯಾಪಾರಿಗಳು ಚೆಂಡುಹೂವಿನ ರಾಶಿಗಳನ್ನು ಸುರಿದುಕೊಂಡು ಕೂಗುತ್ತಿರುವರು.

ವಾರದ ಆರು ದಿನ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಭಾನುವಾರ ಅನೇಕ ಅಂಗಡಿಗಳ ಬಾಗಿಲು ಮುಚ್ಚಿರುವುದು. ಆ ಮುಚ್ಚಿದ ಬಾಗಿಲುಗಳ ಮುಂದೆಯೇ ಬೇರೊಂದು ಸಂತೆ ಹುಟ್ಟಿಕೊಳ್ಳುವುದು. ಬಿ. ವಿ. ಕೆ. ಅಯ್ಯಂಗಾರ್ ರಸ್ತೆಯ ಬದಿಯಲ್ಲಿಯೂ, ಎಸ್. ಜೆ. ಪಿ. ರಸ್ತೆಯ ಕಡೆಗೂ, ಗೋಣಿಯನ್ನೋ ತಾಡಪಾಲನ್ನೋ ನೆಲಕ್ಕೆ ಹಾಸಿ, ಅದರ ಮೇಲೆ ಹಳೆಯ ಲೋಕವನ್ನೆಲ್ಲ ಹರಡಿರುವರು. ನಿಂತುಹೋದ ಕೈಗಡಿಯಾರಗಳು, ಕಹಳೆಯಂತಹ ಬಾಯುಳ್ಳ ಗ್ರಾಮಫೋನು, ಒಡೆದ ಕನ್ನಡಕ, ಕ್ಯಾಮರಾ, ಹಿತ್ತಾಳೆಯ ನಲ್ಲಿ, ಕಿಲುಬು ಹಿಡಿದ ತಕ್ಕಡಿ, ರಾಜರ ಕಾಲದ ನಾಣ್ಯ, ನಿನ್ನೆ ಮೊನ್ನೆಯ ಟೆಲಿಫೋನು ಎಲ್ಲವೂ ಅಲ್ಲಿ ಸಮಾನ. ಒಂದು ಕಡೆ ಬರಿಯ ಬೀಗದ ಕೈಗಳನ್ನೇ ರಾಶಿ ಹಾಕಿದ್ದರು. ಬೀಗವಿಲ್ಲದ ಆ ಸಾವಿರ ಕೈಗಳ ಮುಂದೆ ನಾನು ಸ್ವಲ್ಪ ಹೊತ್ತು ನಿಂತೆನು. ಕೈಯಿಲ್ಲದ ಬೀಗವೊಂದು ನಮ್ಮ ಮನೆಯಲ್ಲಿ ಎರಡು ಜೀವಗಳ ನಡುವೆ ನೇತಾಡುತ್ತಿದ್ದುದನ್ನು ನೆನೆದು ನಿಟ್ಟುಸಿರು ಬಂದಿತು.

ಈ ಸಂತೆಯಲ್ಲಿ ಹಳೆಯ ಆಯುಧಗಳು ಇಷ್ಟೊಂದು ಬರಲು ಕಾರಣವುಂಟು. ೧೮೦೯ರಲ್ಲಿ ಇಂಗ್ಲಿಷರು ಇಲ್ಲಿ ದಂಡಿನ ಪ್ರದೇಶವನ್ನು ಸ್ಥಾಪಿಸಿದಂದಿನಿಂದ ಸೈನ್ಯಕ್ಕೆ ಬೇಕಾದ ಕಮ್ಮಟಗಳೂ, ಬಂಡಿ ಮೇಜುಗಳನ್ನು ಮಾಡುವ ಬಡಗಿಗಳೂ ನೆಲಸಿದರು. ಆಮೇಲೆ ರೈಲು ಬಂದಿತು. ನೂಲಿನ ಗಿರಣಿಗಳು ಬಂದುವು. ೧೯೪೦ರಲ್ಲಿ ವಿಮಾನದ ಕಾರ್ಖಾನೆಯೂ, ೧೯೫೩ರಲ್ಲಿ ಯಂತ್ರೋಪಕರಣಗಳ ಕಾರ್ಖಾನೆಯೂ ಹುಟ್ಟಿದುವು. ಮೂರು ನಾಲ್ಕು ತಲೆಮಾರುಗಳ ಕೈಕಸುಬುದಾರರು ಒಳ್ಳೆಯ ಉಕ್ಕಿನ ಆಯುಧಗಳನ್ನು ಕೊಂಡು, ಬಳಸಿ, ಹೆಸರು ಕೊರೆದು ಇಟ್ಟುಕೊಂಡರು. ಅವರ ಮೊಮ್ಮಕ್ಕಳು ಬೇರೆ ವೃತ್ತಿ ಹಿಡಿದಾಗ ಆ ಪೆಟ್ಟಿಗೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಬಂದು, ಗುಜರಿಯಿಂದ ಭಾನುವಾರದ ಗೋಣಿಯ ಮೇಲೆ ಬಂದು ಕೂಡುವುವು. ಮರದ ಹಿಡಿಯೊಂದರ ಮೇಲೆ ಚಾಕುವಿನ ಮೊನೆಯಿಂದ ಕೊರೆದ ಮೂರು ಅಕ್ಷರಗಳನ್ನು ಕಂಡೆನು. ಯಾರದೋ ಜೀವಮಾನದ ಬೆವರಿನಿಂದ ಆ ಅಕ್ಷರಗಳು ಕಪ್ಪಾಗಿದ್ದುವು.

ಬೀದಿಯ ತಿರುವಿನಲ್ಲಿ ವಯೋವೃದ್ಧರಾದ ಸಾಹೇಬರೊಬ್ಬರು ಆಯುಧಗಳನ್ನು ಸಾಲಾಗಿ ಜೋಡಿಸಿಕೊಂಡು ಕುಳಿತಿದ್ದರು. ಉಳಿದವರಂತೆ ಅವರು ಕೂಗುತ್ತಿರಲಿಲ್ಲ. ತುಕ್ಕು ಹಿಡಿದ ಉಳಿಯೊಂದನ್ನು ಎಣ್ಣೆಯ ಬಟ್ಟೆಯಿಂದ ಒರೆಸುತ್ತಿದ್ದರು. ನಾನು ನನ್ನ ಕಾಗದವನ್ನು ಬಿಚ್ಚಿ ಅವರ ಮುಂದೆ ಹಿಡಿದೆನು. ಅವರು ಕನ್ನಡಕವನ್ನು ಹಣೆಗೇರಿಸಿ, ಆರು ಅಚ್ಚುಗಳನ್ನೂ ಬೆರಳಿನಿಂದ ಸವರಿ, “ಸ್ವಾಮಿ, ಇದು ವಯಸ್ಸಿನಿಂದ ಸವೆದದ್ದಲ್ಲ. ಯಾರೋ ಸಣ್ಣ ಡ್ರೈವರ್ ಇಟ್ಟು, ಕೋಪದಲ್ಲಿ ತಿರುಗಿಸಿದ್ದಾರೆ. ಒಂದೇ ಕಡೆ ಉರುಟಾಗಿದೆ ನೋಡಿ” ಎಂದರು. ನಾನು ಸುಮ್ಮನಿದ್ದೆನು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು.

ಆಮೇಲೆ ಅರ್ಧ ಗಂಟೆಯ ಕಾಲ ಅವರು ನನಗೆ ಪಾಠ ಹೇಳಿದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿದ ನಾನು ಬೀದಿಯ ಬದಿಯ ಒಂದು ಮರದ ಪೆಟ್ಟಿಗೆಯ ಮೇಲೆ ವಿದ್ಯಾರ್ಥಿಯಾಗಿ ಕುಳಿತೆನು.

ಮೊದಲು ಅವರು ತೋರಿಸಿದ್ದು ‘ಯಾಂಕೀ’ ಎಂದು ಹೆಸರಾದ ಅಮೆರಿಕದ ತಿರುಪುಳಿ. ಫಿಲಡೆಲ್ಫಿಯಾ ನಗರದ ನಾರ್ತ್ ಬ್ರದರ್ಸ್ ಎಂಬವರು ಇದನ್ನು ಮಾಡುತ್ತಿದ್ದರು. ೧೯೪೬ರಲ್ಲಿ ಆ ಸಂಸ್ಥೆಯನ್ನು ಸ್ಟ್ಯಾನ್ಲಿ ಕಂಪನಿಯವರು ಕೊಂಡರು. ಇದರ ದಂಡದ ಮೇಲೆ ಸುರುಳಿಯಾದ ಕೊರೆತಗಳಿವೆ. ಹಿಡಿಯನ್ನು ಒತ್ತಿದರೆ ಸಾಕು, ತುದಿಯು ತಾನಾಗಿಯೇ ತಿರುಗುವುದು. ನೋಡುವುದಕ್ಕೆ ಬಹಳ ಚೆಲುವು. ನನ್ನ ಕೈ ಅದರತ್ತ ಹೋಯಿತು. ಸಾಹೇಬರು ತಲೆಯಾಡಿಸಿ, “ಇದು ಬೇಗ ಕೆಲಸ ಮಾಡುವುದಕ್ಕೆ. ಹಟ ಹಿಡಿದ ಸ್ಕ್ರೂಗೆ ಇದು ಬೇಡ” ಎಂದರು. ಮಾರುವವನೇ ಹೆಚ್ಚಿನ ಬೆಲೆಯ ಪದಾರ್ಥವನ್ನು ಬೇಡವೆನ್ನುವುದನ್ನು ನಾನು ಅಪರೂಪವಾಗಿ ಕಂಡಿದ್ದೇನೆ.

ಎರಡನೆಯದು ಗದೆಯಂತೆ ಭಾರವಾದ ಉಕ್ಕಿನ ಕೊಳವೆ. ತುದಿಯನ್ನು ತಿರುಪಿನ ತಲೆಗೆ ಕೂರಿಸಿ, ಹಿಂಬದಿಗೆ ಸುತ್ತಿಗೆಯಿಂದ ಹೊಡೆಯಬೇಕು. ಒಳಗಿರುವ ಓರೆಯಾದ ಕೊರೆತದ ದೆಸೆಯಿಂದ ಪೆಟ್ಟಿನ ಬಲವು ಸ್ವಲ್ಪ ತಿರುಗುವಿಕೆಯಾಗಿ ಮಾರ್ಪಡುವುದು. ಹೊಡೆತವು ತುದಿಯನ್ನು ಕೆಳಕ್ಕೆ ಒತ್ತುವುದರಿಂದ ಅದು ಸೀಳಿನಿಂದ ಜಾರುವುದಕ್ಕೆ ಅವಕಾಶವಿಲ್ಲ. ಪೆಟ್ಟಿನ ಅದುರುವಿಕೆಯಿಂದ ತುಕ್ಕಿನ ಹಿಡಿತವೂ ಬಿಡುವುದು. ಮೋಟಾರು ಸೈಕಲ್ಲಿನ ಯಂತ್ರಗಳಲ್ಲಿ ಬಿಗಿದುಕೊಂಡ ತಿರುಪುಗಳಿಗೆ ಇದು ರಾಮಬಾಣ. ಆದರೆ, “ಇದು ಕಬ್ಬಿಣಕ್ಕೆ ಸ್ವಾಮಿ. ಹಳೇ ಗೋಡೆಯ ಬೀರುಗೆ ಹೊಡೆದರೆ ಮರ ಸೀಳುತ್ತದೆ, ಗಾರೆ ಉದುರುತ್ತದೆ” ಎಂದು ಅದನ್ನೂ ಬದಿಗಿಟ್ಟರು.

ಮೂರನೆಯದು ಬೆರಳುದ್ದದ ಉಕ್ಕಿನ ಮೊನೆ. ಇದರ ಮೈಮೇಲೆ ಎಡಕ್ಕೆ ತಿರುಗಿದ ಸುರುಳಿಗಳಿವೆ. ತಲೆ ಹೋದ ತಿರುಪಿನ ನಡುವೆ ಬೈರಿಗೆಯಿಂದ ಸಣ್ಣ ರಂಧ್ರ ಕೊರೆದು, ಇದನ್ನು ತುರುಕಿ ಎಡಕ್ಕೆ ತಿರುಗಿಸಿದರೆ, ತಿರುಗಿಸಿದಷ್ಟೂ ಅದು ಕಚ್ಚಿಕೊಂಡು ತಿರುಪನ್ನು ಹೊರಕ್ಕೆ ತರುವುದು. ಮೆಕ್ಯಾನಿಕ್ಕುಗಳು ಇದಕ್ಕೆ ‘ಈಜಿ ಔಟ್’ ಎನ್ನುವರು. ಹೆಸರಿನಷ್ಟು ಸುಲಭವಲ್ಲ. ಬಹಳ ಗಡುಸಾದ ಉಕ್ಕಾದುದರಿಂದ ಅಡ್ಡಬಲ ಬಿದ್ದರೆ ಫಕ್ಕನೆ ಮುರಿಯುವುದು. ಮುರಿದು ಒಳಗೆ ಉಳಿದರೆ ಅದನ್ನು ಕೊರೆಯುವುದಕ್ಕೂ ಸಾಮಾನ್ಯ ಬೈರಿಗೆಯಿಂದ ಆಗದು. ಒಂದು ತೊಂದರೆಯಿದ್ದಲ್ಲಿ ಎರಡಾಗುವುವು.

ಕೊನೆಗೆ ಅವರು ಗೋಣಿಯ ಹಿಂದಿನಿಂದ ಒಂದು ಕೈ ಬ್ರೇಸನ್ನು ತೆಗೆದರು. ಬಿಲ್ಲಿನಂತೆ ಬಾಗಿದ ಕಬ್ಬಿಣದ ಕಂಬಿ. ಮೇಲೆ ಅಂಗೈಯಗಲದ ಮರದ ಗುಂಡು. ನಡುವೆ ತಿರುಗುವ ಮರದ ಹಿಡಿ. ಕೆಳಗೆ ತುದಿಯನ್ನು ಕಚ್ಚುವ ಬಾಯಿ. ಬಡಗಿಗಳು ಇದರಿಂದ ಮರಕ್ಕೆ ತೂತು ಕೊರೆಯುವರು. ಆದರೆ ಬೈರಿಗೆಯ ಮೊನೆಯ ಬದಲು ಚಪ್ಪಟೆಯಾದ ತಿರುಪುಳಿಯ ತುದಿಯನ್ನು ಹಾಕಿದರೆ ಇದರಷ್ಟು ಬಲವಾದ ಕೈ ಆಯುಧವಿಲ್ಲ. ಕಾರಣವು ಸರಳ. ಸಾಮಾನ್ಯ ತಿರುಪುಳಿಯ ಹಿಡಿ ಒಂದೂಕಾಲು ಅಂಗುಲ ದಪ್ಪವೆಂದರೆ ನಡುವಿನಿಂದ ನಮ್ಮ ಬಲವು ಬೀಳುವ ದೂರ ಅದರ ಅರ್ಧ. ಈ ಬ್ರೇಸಿನ ಹಿಡಿಯು ೧೦ ಅಂಗುಲ ವ್ಯಾಸದ ವೃತ್ತದಲ್ಲಿ ಸುತ್ತುವುದು. ಅಂದರೆ ಬಲವು ನಡುವಿನಿಂದ ೫ ಅಂಗುಲ ದೂರದಲ್ಲಿ ಬೀಳುವುದು. ಅದೇ ತೋಳಿನ ಬಲಕ್ಕೆ ಎಂಟು ಪಾಲು ಫಲ. ಮೇಲಿನ ಗುಂಡಿಗೆ ಎದೆಯನ್ನು ಒತ್ತಿದರೆ ಮೈಭಾರವೆಲ್ಲ ತುದಿಯನ್ನು ಸೀಳಿನಲ್ಲಿ ಹಿಡಿದು ನಿಲ್ಲಿಸುವುದು. ತೋಳು ತಿರುಗಿಸುವುದು, ಎದೆ ಒತ್ತುವುದು: ಎರಡು ಕೆಲಸಗಳೂ ಬೇರೆಬೇರೆಯಾಗುವುದೇ ಇದರ ಗುಟ್ಟು.

“ಆಯುಧಕ್ಕಿಂತ ತುದಿ ಮುಖ್ಯ” ಎಂದು ಸಾಹೇಬರು ಮತ್ತೊಂದು ಸೂಕ್ಷ್ಮವನ್ನು ಹೇಳಿದರು. ಅಂಗಡಿಯ ತಿರುಪುಳಿಗಳ ತುದಿಯು ಬೆಣೆಯಂತೆ ಓರೆಯಾಗಿರುವುದು. ಬೆಣೆಯನ್ನು ಸೀಳಿನಲ್ಲಿಟ್ಟು ತಿರುಗಿಸಿದರೆ ಅದು ಮೇಲಕ್ಕೆ ಏರಿ ಬರುವುದು ಸಹಜ. ತುದಿಯ ಎರಡು ಮೈಗಳೂ ಸಮಾನಾಂತರವಾಗಿರಬೇಕು. ಸೀಳಿನ ತಳಕ್ಕೆ ಮುಟ್ಟಬೇಕು. ಸೀಳಿನ ಉದ್ದಕ್ಕೂ ತುಂಬಬೇಕು. ಬಂದೂಕು ರಿಪೇರಿ ಮಾಡುವವರು ಒಂದೊಂದು ತಿರುಪಿಗೂ ತುದಿಯನ್ನು ಅರದಿಂದ ಉಜ್ಜಿ ಹೊಂದಿಸಿಕೊಳ್ಳುವರಂತೆ. ನನ್ನ ಅಚ್ಚಿನ ಕಾಗದವನ್ನು ಎದುರಿಗಿಟ್ಟುಕೊಂಡು ಅವರೂ ಹಾಗೆಯೇ ಉಜ್ಜಿ ಒಂದು ತುದಿಯನ್ನು ಸಿದ್ಧಮಾಡಿಕೊಟ್ಟರು. ಬ್ರೇಸು, ತುದಿ, ಸಣ್ಣ ಅರ, ಮೂರಕ್ಕೂ ಸೇರಿ ಆರುನೂರು ರೂಪಾಯಿ ಕೇಳಿದರು. ನಾನು ಐದುನೂರು ಎಂದೆನು. “ಮೇಷ್ಟ್ರಲ್ಲವೆ ತಾವು? ಮಾತಿನಲ್ಲೇ ಗೊತ್ತಾಯಿತು. ಐದುನೂರೇ ಕೊಡಿ. ಆದರೆ ಒಂದು ಮಾತು ಮರೆಯಬೇಡಿ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಬಿಚ್ಚಿ” ಎಂದರು.

ಹಿಂದಿರುಗುವಾಗ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ಸೆಳೆತವನ್ನು ತಡೆದುಕೊಂಡು ರೈಲು ಹಿಡಿದೆನು. ಗಾಡಿಯಲ್ಲಿ ಕುಳಿತಾಗ, ಈ ತಿರುಪುಮೊಳೆಗೆ ಸಂಸ್ಕೃತದಲ್ಲಿ ಏನೆನ್ನಬೇಕೆಂಬ ಯೋಚನೆ ಹತ್ತಿತು. ಅಮರಸಿಂಹನು ಶೂದ್ರವರ್ಗದಲ್ಲಿ ಗರಗಸಕ್ಕೆ ಕ್ರಕಚವೆಂದೂ, ಕಲ್ಲುಕುಟಿಗನ ಉಳಿಗೆ ಟಂಕವೆಂದೂ, ಚರ್ಮ ಚುಚ್ಚುವ ಮೊನೆಗೆ ಆರಾ ಎಂದೂ ಹೆಸರು ಹೇಳಿದ್ದಾನೆ. ತಿರುಪುಮೊಳೆಯ ಮಾತಿಲ್ಲ. ಅದು ಪಶ್ಚಿಮದಿಂದ ಬಂದ ಪದಾರ್ಥ. ಜರ್ಮನಿಯಲ್ಲಿ ೧೫ನೆಯ ಶತಮಾನದ ಕೊನೆಯ ಭಾಗದಲ್ಲಿ ರಚಿತವಾದ ಒಂದು ಚಿತ್ರಗ್ರಂಥದಲ್ಲಿ ತಿರುಪುಳಿಯ ಚಿತ್ರವಿದೆ. ಆ ಕಾಲದಲ್ಲಿಯೂ, ಆಮೇಲೆ ಬಹುಕಾಲವೂ, ತಿರುಪುಗಳನ್ನು ಒಂದೊಂದಾಗಿ ಕೈಯಿಂದ ಅರದಲ್ಲಿ ಉಜ್ಜಿ ಮಾಡುತ್ತಿದ್ದರು. ೧೭೬೦ರಲ್ಲಿ ಇಂಗ್ಲೆಂಡಿನ ವ್ಯಾಟ್ ಸಹೋದರರಿಬ್ಬರು ಯಂತ್ರದಿಂದ ಮರದ ತಿರುಪುಗಳನ್ನು ಮಾಡುವುದಕ್ಕೆ ಸನ್ನದು ಪಡೆದರು. ಆದರೂ ಅವಕ್ಕೆ ಮೊನೆಯಿರಲಿಲ್ಲ, ತುದಿ ಮೊಂಡು. ಮೊನೆಯುಳ್ಳ ತಿರುಪಿಗೆ ಅಮೆರಿಕದಲ್ಲಿ ಥಾಮಸ್ ಸ್ಲೋನ್ ಎಂಬಾತನು ೧೮೪೬ರಲ್ಲಿ ಸನ್ನದು ಪಡೆದನು. ಆ ಹಕ್ಕನ್ನು ಕೊಂಡು ಬರ್ಮಿಂಗ್‌ಹ್ಯಾಮಿನ ಬಳಿಯ ಸ್ಮೆತಿಕ್ ಎಂಬಲ್ಲಿ ೧೮೫೪ರಲ್ಲಿ ನೆಟಲ್‌ಫೋಲ್ಡ್ ಮತ್ತು ಚೇಂಬರ್ಲೇನ್ ಎಂಬವರು ದೊಡ್ಡ ಕಾರ್ಖಾನೆಯನ್ನು ತೆರೆದರು. ಮುಂದೆ ರಾಜಕಾರಣದಲ್ಲಿ ಪ್ರಸಿದ್ಧನಾದ ಜೋಸೆಫ್ ಚೇಂಬರ್ಲೇನನು ಹದಿನೆಂಟನೆಯ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದ್ದು ಈ ತಿರುಪಿನ ಕಂಪನಿಗೇ.

ಒಂದೇ ಸೀಳಿನ ತಲೆಯಿಂದ ತಿರುಪುಳಿಯು ಜಾರುವ ದೋಷವನ್ನು ಕಂಡು ಬೇರೆ ಬೇರೆ ತಲೆಗಳನ್ನು ಜನ ಕಲ್ಪಿಸಿದರು. ೧೯೦೮ರಲ್ಲಿ ಕೆನಡಾ ದೇಶದ ರಾಬರ್ಟ್‌ಸನ್ ಎಂಬಾತನು ಚೌಕಾಕಾರದ ಗುಳಿಯುಳ್ಳ ತಲೆಯನ್ನು ಮಾಡಿದನು. ೧೯೩೦ರಿಂದೀಚೆಗೆ ಅಮೆರಿಕದ ಫಿಲಿಪ್ಸ್ ಎಂಬಾತನ ಹೆಸರಿನಲ್ಲಿ ಕೂಡುಗುರುತಿನ ತಲೆಯು ಪ್ರಚಾರಕ್ಕೆ ಬಂದು, ಈಗ ಎಲ್ಲರ ಮನೆಗಳಲ್ಲಿಯೂ ಇದೆ. ಅದಕ್ಕೂ ಒತ್ತಡ ಮೀರಿದರೆ ತಿರುಪುಳಿಯನ್ನು ಮೇಲಕ್ಕೆ ತಳ್ಳುವ ಸ್ವಭಾವ ತಪ್ಪಿಲ್ಲ. ತಲೆ ಯಾವ ಆಕಾರದ್ದಾದರೂ, ಹೊಂದದ ತುದಿಯನ್ನಿಟ್ಟು ಆತುರಪಟ್ಟರೆ ಕೆಡುವುದು ಒಂದೇ ಬಗೆ.

ಹಳ್ಳಿಗೆ ಬಂದ ಮೇಲೆ ಕೆಲಸಕ್ಕೆ ತೊಡಗಿದೆವು. ಮನೆಯಲ್ಲಿ ಇಂತಹ ಕೆಲಸ ಮಾಡಬೇಕಾದವರಿಗೆ ಉಪಯೋಗವಾಗಲೆಂದು ಕ್ರಮವಾಗಿ ಬರೆಯುತ್ತೇನೆ. ಕಬ್ಬಿಣದ ತಿರುಪು ಹಿತ್ತಾಳೆಗೆ ತಗುಲಿಕೊಂಡು ತೇವದಲ್ಲಿದ್ದರೆ ಕಬ್ಬಿಣವೇ ಬೇಗ ತುಕ್ಕಾಗುವುದು. ಆ ತುಕ್ಕು ಮೂಲಲೋಹಕ್ಕಿಂತ ಹೆಚ್ಚು ಸ್ಥಳವನ್ನು ಬೇಡಿ ರಂಧ್ರದಲ್ಲಿ ಬಿಗಿದುಕೊಳ್ಳುವುದು. ಆದುದರಿಂದ ಮೊದಲು ಆಚಾರ್ಯರು ದಪ್ಪ ಸೂಜಿಯಿಂದ ಸೀಳುಗಳಲ್ಲಿದ್ದ ಬಣ್ಣವನ್ನೂ ಕೊಳೆಯನ್ನೂ ಕೆರೆದು ತೆಗೆದರು. ಬಳಿಕ ಬೆಸುಗೆ ಹಾಕುವ ಸಲಾಕೆಯನ್ನು ಕಾಯಿಸಿ ಒಂದೊಂದು ತಲೆಗೂ ಒಂದೆರಡು ನಿಮಿಷ ಮುಟ್ಟಿಸಿದರು. ಲೋಹವು ಹಿಗ್ಗಿ, ಆರುವಾಗ ಕುಗ್ಗಿ, ತುಕ್ಕಿನ ಪೊರೆ ಬಿರಿಯುವುದು. ಪೂರ್ತಿ ಆರಿದ ಮೇಲೆ ತೆಳುವಾದ ಎಣ್ಣೆಯನ್ನು ತೊಟ್ಟು ತೊಟ್ಟಾಗಿ ಬಿಟ್ಟು ಎರಡು ರಾತ್ರಿ ಹಾಗೆಯೇ ಬಿಟ್ಟೆವು. ಎಣ್ಣೆ ಹಾಕಿದ ಮೇಲೆ ಕಾವನ್ನಾಗಲಿ ಬೆಂಕಿಯನ್ನಾಗಲಿ ಹತ್ತಿರ ತರಕೂಡದು.

ಮೂರನೆಯ ದಿನ ತಮ್ಮನೂ ಬಂದು ಕುಳಿತನು. ಆಚಾರ್ಯರು ಬ್ರೇಸಿನ ಗುಂಡಿಗೆ ಎದೆಯಿಟ್ಟು, ಸಾಹೇಬರು ಹೇಳಿದಂತೆ ಮೊದಲು ಬಲಕ್ಕೆ ಕೂದಲೆಳೆಯಷ್ಟು ಬಿಗಿದು, ಎಡಕ್ಕೆ ತಿರುಗಿಸಿದರು. ಕಿರ್ರೆಂಬ ಒಂದು ಸದ್ದಾಯಿತು. ಮೊದಲನೆಯ ತಿರುಪು ಬಿಟ್ಟುಕೊಟ್ಟಿತು, ಎರಡನೆಯದೂ ಬಂದಿತು. ಅರ್ಧ ಸವೆದ ಮೂರರ ಸೀಳುಗಳನ್ನು ಗರಗಸದ ತುಂಡೊಂದರಿಂದ ಸ್ವಲ್ಪ ಆಳಮಾಡಿ, ತುದಿಯನ್ನು ಅರದಿಂದ ಮತ್ತೆ ಹೊಂದಿಸಿಕೊಂಡರು. ಅವೂ ಮಧ್ಯಾಹ್ನದ ಹೊತ್ತಿಗೆ ಬಂದುವು. ನುಣುಪಾದ ಕೊನೆಯದಕ್ಕೆ ಸೀಳು ಮಾಡುವಷ್ಟು ಲೋಹವೇ ಉಳಿದಿರಲಿಲ್ಲ. ಅದರ ತಲೆಯ ನಡುವಿಗೆ ಗುರುತು ಮಾಡಿ, ತಿರುಪಿನ ಕುತ್ತಿಗೆಗಿಂತ ತುಸು ದಪ್ಪವಾದ ಬೈರಿಗೆಯಿಂದ ಮೆಲ್ಲಗೆ ಕೊರೆಯಲು, ತಲೆಯು ಬಳೆಯಂತೆ ಕಳಚಿ ಬಿದ್ದಿತು. ತಲೆಯಿಲ್ಲದ ತಿರುಪು ಬಿಜಾಗರಿಯನ್ನು ಹಿಡಿಯಲಾರದು. ಬಿಜಾಗರಿಯನ್ನು ಎತ್ತಿಕೊಂಡ ಮೇಲೆ ಮರದಿಂದ ಹೊರಗೆ ಉಳಿದ ಗೂಟವನ್ನು ಇಕ್ಕಳದಿಂದ ಹಿಡಿದು ತಿರುಗಿಸಿ ತೆಗೆದರು. ಆರೂ ತಿರುಪುಗಳಿಗೆ ಮೊನೆಯಿದ್ದಿತು. ಬಾಗಿಲಿಗೆ ಒಂದು ಗೀರೂ ಬೀಳಲಿಲ್ಲ.

ಬಾಗಿಲನ್ನು ಹೊರಕ್ಕೆಳೆದಾಗ ಹಳೆಯ ಕಾಗದದ ವಾಸನೆ ಬಂದಿತು. ಒಳಗೆ ನಮ್ಮ ತಂದೆಯವರು ಸ್ವಹಸ್ತದಿಂದ ನಕಲು ಮಾಡಿದ ಅಮರಕೋಶದ ಮೂರು ಪುಸ್ತಕಗಳು, ಬೆಳ್ಳಿಯ ಕುಂಕುಮದ ಭರಣಿ, ನಾವಿಬ್ಬರೂ ಹಾಸ್ಟೆಲಿನಿಂದ ಬರೆದ ಕಾಗದಗಳ ಕಟ್ಟು ಇದ್ದುವು. ಅವಲಕ್ಕಿ ಸರವಿರಲಿಲ್ಲ. ಅದನ್ನು ಮಾರಿದ ರಸೀತಿಯಿದ್ದಿತು. ತಾರೀಖನ್ನು ನೋಡಿದೆವು. ನಾವಿಬ್ಬರೂ ಒಟ್ಟಿಗೆ ಓದುತ್ತಿದ್ದ ವರ್ಷ. ರಸೀತಿಯ ಹಿಂದುಗಡೆ ತಂದೆಯವರ ಅಕ್ಷರದಲ್ಲಿ ನಮ್ಮಿಬ್ಬರ ಹೆಸರು, ಇಬ್ಬರ ಫೀಸಿನ ಲೆಕ್ಕ. ಎರಡೂ ಮೊತ್ತಗಳು ಹೆಚ್ಚುಕಡಮೆ ಸಮವಾಗಿದ್ದುವು.

ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಆಚಾರ್ಯರು ನೀರು ಕುಡಿಯುವ ನೆವದಿಂದ ಹೊರಗೆ ಹೋದರು. ಆಗ ತಮ್ಮನು ನೆಲದ ಮೇಲಿದ್ದ ಆರು ತಿರುಪುಗಳನ್ನು ಅಂಗೈಯಲ್ಲಿಟ್ಟುಕೊಂಡು, “ಅಣ್ಣಯ್ಯ, ಈ ತಲೆಗಳನ್ನು ಕೆಡಿಸಿದವನು ನಾನೇ. ಅಪ್ಪನ ವರ್ಷಾಬ್ದಿಕದ ರಾತ್ರಿ, ನೀವೆಲ್ಲ ಮಲಗಿದ್ದಾಗ. ಬೀಗದಲ್ಲಿ ತಂತಿ ಮುರಿದದ್ದೂ ನಾನೇ” ಎಂದನು. ಸಾಹೇಬರು ಬೆರಳಿನಿಂದ ಸವರಿ ಹೇಳಿದ ಮಾತು ನನಗೆ ನೆನಪಾಯಿತು. ಏನೇನೋ ಕೇಳಬಹುದಾಗಿದ್ದಿತು. ಕೇಳಲಿಲ್ಲ. ನಾನಾದರೂ ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆ, ಬೀಗದ ಕೈ ನನ್ನಲ್ಲಿಲ್ಲವೆಂದು ಬಾಯಿಬಿಟ್ಟು ಹೇಳಿದ್ದರೆ ನನ್ನ ಘನತೆಗೇನೂ ಕುಂದು ಬರುತ್ತಿರಲಿಲ್ಲ. ಅದನ್ನೇ ಅವನಿಗೆ ಹೇಳಿದೆನು. ಆಮೇಲೆ ಇಬ್ಬರೂ ಕುಳಿತು ನಮ್ಮ ಹಾಸ್ಟೆಲಿನ ಕಾಗದಗಳನ್ನು ಓದತೊಡಗಿದೆವು. ಅವನ ಕಾಗದಗಳಲ್ಲಿ ಕಾಗುಣಿತದ ತಪ್ಪುಗಳಿಗೆ ಲೆಕ್ಕವಿಲ್ಲ. ತಂದೆಯವರು ಅವನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿಟ್ಟಿದ್ದರು. ಅದನ್ನು ನೋ�ಡಿ ಅವನೇ ಮೊದಲು ನಕ್ಕನು.

ಬೀರುವಿನ ಬಾಗಿಲುಗಳು ಈಗ ತಮ್ಮನ ಮನೆಯಲ್ಲಿವೆ, ಪುಸ್ತಕಗಳು ನನ್ನಲ್ಲಿವೆ. ಬ್ರೇಸನ್ನು ಆಚಾರ್ಯರಿಗೆ ಕೊಡಹೋದೆನು. “ತಮ್ಮಲ್ಲೇ ಇರಲಿ ಮೇಷ್ಟ್ರೇ, ಬೇಕಾದಾಗ ಕೇಳುತ್ತೇನೆ” ಎಂದರು. ಅಂದಿನಿಂದ ಅದು ನಮ್ಮ ಪಡಸಾಲೆಯ ಮೂಲೆಯಲ್ಲಿ ತೂಗುತ್ತಿದೆ. ನೆರೆಹೊರೆಯವರು ಬಂದು ಕೇಳಿ ಒಯ್ಯುವರು. ಒಯ್ಯುವವರಿಗೆಲ್ಲ ನಾನು ಚಿಕ್ಕಪೇಟೆಯ ಗುರುಗಳ ಮಾತನ್ನು ತಪ್ಪದೆ ಹೇಳುತ್ತೇನೆ: ತುದಿ ಹೊಂದಲಿ, ಎದೆಯಿಟ್ಟು ಒತ್ತಿ, ಮೊದಲು ಸ್ವಲ್ಪ ಬಿಗಿದು, ಆಮೇಲೆ ಬಿಚ್ಚಿ. ಬೆಂಗಳೂರಿಗೆ ಹೋಗುವ ವಾಚಕರು ಒಂದು ಭಾನುವಾರ ಬೆಳಗಿನ ಹೊತ್ತು ಆ ಬೀದಿಗಳಲ್ಲಿ ನಡೆದುಬರಬೇಕೆಂದು ನನ್ನ ಬಿನ್ನಹ. ಬಿಸಿಲೇರುವುದಕ್ಕೆ ಮುಂಚೆ ಹೋಗುವುದೊಳ್ಳೆಯದು.